ಅಡ್ಡಮಳೆಗೆ ಮುನ್ನ ಓಣಿಯನ್ನು ಸಜ್ಜುಗೊಳಿಸುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ನಿವಾಸಿಗಳಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಮಳೆಯ ಸಿದ್ಧತೆಯನ್ನು ಜೂನ್‌ವರೆಗೆ ಮುಂದೂಡುವಂತಿಲ್ಲ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗುಡುಗು, ಬಿರುಗಾಳಿಗಳೊಡನೆ ಒಂದೇ ತಾಸಿನಲ್ಲಿ ಸುರಿದು ಹೋಗುತ್ತದೆ. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು, ಆದ್ದರಿಂದ ಇಂಥ ಮಳೆಯ ರಭಸ ಹೆಚ್ಚುತ್ತಲೇ ಇದೆ. 24 ತಾಸಿನಲ್ಲಿ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, ಆದರೆ ಗಟಾರಕ್ಕೆ ದಿನದ ಲೆಕ್ಕಕ್ಕಿಂತ ತಾಸಿನ ಲೆಕ್ಕವೇ ಮುಖ್ಯ. 30×40 ಅಡಿಯ ಒಂದು ಮಾಳಿಗೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು ಕೆಳಗಿಳಿಯುತ್ತದೆ. ನಲವತ್ತು ಮನೆಗಳ ಓಣಿಯಲ್ಲಿ ಅದು ಎರಡು ಲಕ್ಷ ಲೀಟರ್ ದಾಟುತ್ತದೆ.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸಣ್ಣ ಮಳೆಯೊಂದು ನಿಂತ ಕೂಡಲೇ, ಹರಿವು ಇನ್ನೂ ಕಾಣುತ್ತಿರುವಾಗ, ಮನೆಯ ಮುಂದಿನ ಗಟಾರವನ್ನು ಹಿಡಿದು ಅದು ದೊಡ್ಡ ನಾಲಾ ಸೇರುವವರೆಗೆ ನಡೆದು, ಎಲ್ಲೆಲ್ಲಿ ನೀರು ತಡೆಯುತ್ತದೆಯೋ ಅಲ್ಲಲ್ಲಿ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ತಡೆಯುವುದು ಸಿಡಿಗಳ (ರಸ್ತೆಯಡಿ ನೀರು ಹಾಯಿಸುವ ಅಡ್ಡಮೋರಿಗಳ) ಬಾಯಲ್ಲಿ, ಅಂಗಡಿಯ ಮುಂದೆ ಹಾಸಿದ ಕಲ್ಲಿನ ಕೆಳಗೆ ಮತ್ತು ಕೇಬಲ್ ಪೈಪುಗಳು ಗಟಾರಕ್ಕೆ ಅಡ್ಡ ಹಾಯ್ದಲ್ಲಿ. ಉಣಕಲ್ ನಾಲಾದ ದಂಡೆಯ ಬಡಾವಣೆಗಳವರು ತಮ್ಮ ಓಣಿಯ ಮಳೆಯನ್ನಷ್ಟೇ ನೋಡಿದರೆ ಸಾಲದು, ಉಣಕಲ್ ಕೆರೆ ಕೋಡಿ ಬಿದ್ದಿದೆಯೇ ಎಂಬುದನ್ನೂ ಗಮನಿಸುತ್ತಿರಬೇಕು.

ಹೂಳೆತ್ತುವ ಕೆಲಸಕ್ಕೆ ಪಾಲಿಕೆಯ ವಲಯ ಕಚೇರಿಗೆ ಮಾರ್ಚ್‌ನಲ್ಲೇ, ಆ ಫೋಟೊಗಳೊಡನೆ, ಓಣಿಯವರೆಲ್ಲ ಸಹಿ ಮಾಡಿದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎತ್ತಿದ ಹೂಳನ್ನು ದಂಡೆಯ ಮೇಲೆಯೇ ಬಿಟ್ಟು ಹೋದರೆ ಮೊದಲ ಮಳೆಗೆ ಅದು ಮತ್ತೆ ಗಟಾರಕ್ಕೇ ಇಳಿಯುತ್ತದೆ. ಅದನ್ನು ಸಾಗಿಸುವವರೆಗೆ ಕೆಲಸ ಮುಗಿಯಿತೆಂದು ಒಪ್ಪಬೇಡಿ. ಇಂಗುಗುಂಡಿಯ ಮೇಲೆ ಎಲ್ಲ ಭಾರ ಹಾಕುವುದೂ ಬೇಡ. ಹುಬ್ಬಳ್ಳಿಯ ಪೂರ್ವದ ಎರೆಮಣ್ಣು ಒದ್ದೆಯಾದೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುವುದರಿಂದ ಅಲ್ಲಿ ನೀರು ಇಂಗುವುದು ಬಲು ನಿಧಾನ, ಮೇಲಾಗಿ ಪಾಯದ ಪಕ್ಕದಲ್ಲೇ ಗುಂಡಿ ತೋಡಿದರೆ ಗೋಡೆ ಬಿರಿಯುವ ಭಯವೂ ಉಂಟು.

ನಮ್ಮ ಊರಿನಲ್ಲಿ ಹೆಚ್ಚು ಎಚ್ಚರಿಕೆ ಬೇಡುವುದು ನೆಲದಡಿಯ ಸಂಪು. ನಳದ ನೀರು ದಿನಗಟ್ಟಲೆ ಬಾರದಿರುವ ಬಡಾವಣೆಗಳಲ್ಲಿ ಕುಡಿಯುವ ನೀರೆಲ್ಲ ಅದರಲ್ಲೇ ಇರುತ್ತದೆ, ಅದರ ಮುಚ್ಚಳವೋ ಅಂಗಳದ ಮಟ್ಟಕ್ಕೇ ಇರುತ್ತದೆ. ಸಂಪಿನ ಬಾಯಿಗೆ ಕನಿಷ್ಠ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಹಾಕಿಸಿ, ಮೋಟಾರನ್ನು ಕಟ್ಟೆಗಿಂತ ಮೇಲೆ ಏರಿಸಿಡಿ. ಗಟಾರದ ನೀರು ಒಳನುಗ್ಗಿದ್ದರೆ ಸಂಪನ್ನು ಪೂರ್ತಿ ಖಾಲಿ ಮಾಡಿ, ಗೋಡೆಗಳನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರ್‌ಗೆ 5 ಗ್ರಾಂನಂತೆ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ನಂತರ ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಒಂದು ತಾಸು ಬಿಟ್ಟು ಬಳಸಬಹುದು. ಕುಡಿಯುವ ನೀರನ್ನು ಕೆಲವು ದಿನ ಕುದಿಸುವುದು ಒಳಿತು.

ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ. ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಹೆಸ್ಕಾಂಗೆ 1912ರಲ್ಲಿ ತಿಳಿಸಿ, ನೀರು ನಿಂತ ರಸ್ತೆಗೆ ಇಳಿಯಬೇಡಿ, ಜೀವಾಪಾಯವಿದ್ದರೆ 112. ಅಂಗಳಕ್ಕೆ ನೀರು ಬರುವ ಮುನ್ನವೇ ಮೇನ್ ಸ್ವಿಚ್ ಆರಿಸಬೇಕು, ನೀರಿನಲ್ಲಿ ನಿಂತು ಅದನ್ನು ಮುಟ್ಟಬಾರದು.

ಮನೆಗೆ ನೀರು ನುಗ್ಗಿದ್ದರೆ ಕೆಸರು ತೊಳೆಯುವ ಮೊದಲೇ ಗೋಡೆಯ ಮೇಲಿನ ನೀರಿನ ಗುರುತು, ಕೆಟ್ಟ ಸಾಮಾನು ಮತ್ತು ಬಿರುಕುಗಳ ಫೋಟೊ ತೆಗೆದು, ತಹಶೀಲ್ದಾರ್ ಕಚೇರಿಗೆ ಅರ್ಜಿ ಸಲ್ಲಿಸಿ, ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡಿ ಹೋಗುವವರೆಗೆ ಬಿದ್ದ ಗೋಡೆಯನ್ನು ಹಾಗೆಯೇ ಬಿಡಿ.