ಸೈಟೋಸ್ಪಿನ್ ಬಿಟ್ಟ ಮೇಲೆಯೇ ಪೋಲಾರಿಟಿ ಕಂಡಿತು

ರಕ್ತದ ಕಾಂಡಕೋಶ ತೇಲಾಡುವ ದುಂಡು ಕೋಶ, ಅದರಲ್ಲಿ ಪೋಲಾರಿಟಿ (ಪ್ರೋಟೀನುಗಳು ಕೋಶದ ಒಂದೇ ಬದಿಗೆ ಗುಂಪಾಗಿರುವುದು) ಏನು ಹುಡುಕ್ತೀರಿ ಅಂತ ಲ್ಯಾಬ್ ಮೀಟಿಂಗಿನಲ್ಲಿ ಕೇಳದವರೇ ಇರಲಿಲ್ಲ. ಈಗ ಅವರೇ ನನ್ನ ಪ್ರೋಟೋಕಾಲ್ ಕೇಳುತ್ತಿದ್ದಾರೆ.

ನಾವೂ ಸೈಟೋಸ್ಪಿನ್ನಿನಿಂದಲೇ, ಅಂದರೆ ಕೋಶಗಳನ್ನು ಗಿರಗಿರ ತಿರುಗಿಸಿ ಸ್ಲೈಡಿಗೆ ಅಂಟಿಸುವ ಯಂತ್ರದಿಂದಲೇ, ಶುರು ಮಾಡಿದ್ದೆವು. ಅದು ಕೋಶವನ್ನು ಚಪ್ಪಟೆ ಮಾಡಿಬಿಡುತ್ತದೆ. ಪೋಲಾರಿಟಿ ನಿಯಂತ್ರಿಸುವ ಸಿಡಿಸಿ42 ಪ್ರೋಟೀನ್ ಒಂದೇ ಬದಿಯಲ್ಲಿದ್ದರೂ ಎಲ್ಲ ಕಡೆ ಹರಡಿದ ಹಾಗೆ ಕಾಣುತ್ತದೆ. ಕೋಶ ಅಂಟಲೆಂದು ಪಾಲಿಲೈಸಿನ್ ಹಚ್ಚಿದ ಸ್ಲೈಡೂ ಕೈಕೊಟ್ಟಿತು. ಅಷ್ಟರಲ್ಲಿ ದುಡ್ಡು ನೀರಿನಂತೆ ಹೋಯಿತು. ಪ್ರೋಟೀನ್ ಗುರುತಿಸುವ ಆಂಟಿಬಾಡಿ ಸೀಸೆ ಒಂದಕ್ಕೆ 45,000 ರೂಪಾಯಿ ಆಸುಪಾಸು, ಬರಲು ತಿಂಗಳುಗಟ್ಟಲೆ, ಒಂದು ಸೀಸೆಯಂತೂ ಐಸ್ ಪ್ಯಾಕ್ ಬೆಚ್ಚಗಾಗಿಯೇ ಬಂತು. ಕಾನ್‌ಫೋಕಲ್ ಮೈಕ್ರೋಸ್ಕೋಪಿನ ಬಾಡಿಗೆ ಬೇರೆ, ಗಂಟೆ ಲೆಕ್ಕ.

ಕೊನೆಗೆ ಕೆಲಸ ಮಾಡಿದ್ದು ಫೈಬ್ರೊನೆಕ್ಟಿನ್ (ಕೋಶಗಳು ಹಿಡಿದುಕೊಳ್ಳುವ ಪ್ರೋಟೀನ್) ಹಚ್ಚಿದ ಕಾವರ್‌ಸ್ಲಿಪ್. ಕೋಶಗಳನ್ನು ಚಿಕ್ಕ ಹನಿಯಲ್ಲಿ ಬಿಟ್ಟು ಇನ್‌ಕ್ಯುಬೇಟರಿನಲ್ಲಿ ಎರಡು ಗಂಟೆ ಸುಮ್ನೆ ಇಡಿ, ತಾವಾಗೇ ಕೂರುತ್ತವೆ. ಕೋಶವನ್ನು ಇದ್ದ ಹಾಗೇ ಫಿಕ್ಸ್ ಮಾಡುವ ಪಿಎಫ್‌ಎ ದ್ರಾವಣ 37 ಡಿಗ್ರಿಗೆ ಬೆಚ್ಚಗಿರಬೇಕು, ಫಿಕ್ಸ್ ಆಗುವ ತನಕ ತಣ್ಣಗಿನ ಪಿಬಿಎಸ್ (ತೊಳೆಯುವ ಉಪ್ಪಿನ ದ್ರಾವಣ) ಹತ್ತಿರವೂ ಬರಬಾರದು, ಯಾಕೆಂದರೆ ತಂಪು ತಾಗಿದರೆ ಟ್ಯೂಬ್ಯುಲಿನ್ ಪ್ರೋಟೀನಿನ ಎಳೆಯಾದ ಮೈಕ್ರೋಟ್ಯೂಬ್ಯೂಲ್ ಬಿಚ್ಚಿಕೊಳ್ಳುತ್ತದೆ, ಆಮೇಲೆ ಟ್ಯೂಬ್ಯುಲಿನ್ ಬಣ್ಣ ನೋಡಿ ಏನು ಪ್ರಯೋಜನ? ಆಂಟಿಬಾಡಿ ಕಂಡಕಂಡಲ್ಲಿ ಅಂಟದಂತೆ ತಡೆಯುವ ಬ್ಲಾಕಿಂಗ್ ಬಫರಿಗೆ ನಾನು ಸೇರಿಸುವ ಇನ್ನೊಂದು ವಸ್ತು ಇದೆ. ಅದನ್ನು ಪೇಪರ್ ಬಂದ ಮೇಲೆ ಹೇಳುತ್ತೇನೆ.

ಹೊಕ್ಕುಳಬಳ್ಳಿ ರಕ್ತದ ಸಿಡಿ34 ಕೋಶಗಳಲ್ಲಿ (ಕಾಂಡಕೋಶಗಳಿರುವ ಗುಂಪು) ನೂರಕ್ಕೆ ಅರವತ್ತರಷ್ಟರಲ್ಲಿ ಸಿಡಿಸಿ42, ಟ್ಯೂಬ್ಯುಲಿನ್ ಎರಡೂ ಒಂದೇ ಕಡೆ ಗುಂಪಾಗಿದ್ದವು. ಲ್ಯಾಬಿನಲ್ಲಿ ಬೆಳೆಸುವ ರಕ್ತ ಕ್ಯಾನ್ಸರ್ ಕೋಶ ಕೆ562ನಲ್ಲಿ ಹೆಚ್ಚಿನವು ಚದುರಿಹೋಗಿದ್ದವು. ಎಣಿಸಿದ್ದು ಯಾವುದು ಯಾವ ಸ್ಲೈಡ್ ಅಂತ ಗೊತ್ತಿಲ್ಲದ ಜೂನಿಯರ್. ಹಾಗಾಗಿ ನನಗೆ ಈ ಅಂಕಿಯ ಮೇಲೆ ಪೂರ್ತಿ ನಂಬಿಕೆ.

ನಡುವೆ ಸಿಡಿಸಿ42 ತಡೆಯುವ ಕ್ಯಾಸಿನ್ ಕೂಡ ಹಾಕಿ ನೋಡಿದೆ. ಇಲಿಯ ಮುದಿ ಕಾಂಡಕೋಶಗಳಲ್ಲಿ ಸಿಡಿಸಿ42 ಚಟುವಟಿಕೆ ಜಾಸ್ತಿಯಾಗಿ ಪೋಲಾರಿಟಿ ಹೋಗುತ್ತದೆ, ಕ್ಯಾಸಿನ್ 5 ಮೈಕ್ರೋಮೋಲಾರ್ ಕೊಟ್ಟರೆ ಮರಳುತ್ತದೆ ಅಂತ 2012ರಲ್ಲೇ ತೋರಿಸಿದ್ದಾರೆ ಅಲ್ವಾ? ಅದೇ ಡೋಸಿಗೆ ಕೆ562 ಜಗ್ಗಲಿಲ್ಲ. ಅಲ್ಲಿ ತೊಂದರೆ ಸಿಡಿಸಿ42 ಒಂದರದ್ದೇ ಅಲ್ಲ ಅಂತ ನನ್ನ ಅನಿಸಿಕೆ.

ಆಗ ಕೋಶದ ಮುಂದಿನ ಗತಿ ನಿರ್ಧರಿಸುವ ನಂಬ್ ಪ್ರೋಟೀನ್ ಕಡೆ ತಿರುಗಿದೆ. ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್ ಬ್ಲಾಸ್ಟ್ ಕ್ರೈಸಿಸ್ ಎಂಬ ಉಗ್ರ ಹಂತಕ್ಕೆ ಹೋದಾಗ ಮುಸಾಶಿ2 ಪ್ರೋಟೀನ್ ಏರಿ ನಂಬ್ ಇಳಿಯುವುದು 2010ರಿಂದ ಗೊತ್ತಿರುವ ಸಂಗತಿ. ಕೆ562 ಬಂದದ್ದೂ ಅಂಥ ರೋಗಿಯಿಂದಲೇ. ನನ್ನ ಸ್ಲೈಡಿನಲ್ಲೂ ನಂಬ್ ಬಣ್ಣ ತೀರಾ ಮಂಕು. ಸಿಡಿ34 ಕೋಶ ಎರಡಾಗುವಾಗ ಕೆಲವು ಜೋಡಿಗಳಲ್ಲಿ ನಂಬ್ ಒಂದೇ ಮರಿಕೋಶಕ್ಕೆ ಸೇರುವುದನ್ನು ಕಣ್ಣಾರೆ ಕಂಡೆ, ಆ ದಿನ ಊಟ ಮರೆತೇ ಹೋಯಿತು.

ಮುಂದೆ ಸಿಡಿ34 ಕೋಶಗಳಲ್ಲಿ ಎಲ್‌ಎಲ್‌ಜಿಎಲ್1 ಎಂಬ ಇನ್ನೊಂದು ಪೋಲಾರಿಟಿ ಪ್ರೋಟೀನ್ ಇಳಿಸಿ ನೋಡಬೇಕು. ಅದನ್ನು ಇಳಿಸುವ ವೈರಸ್ ತಯಾರಿದೆ. ಆಂಟಿಬಾಡಿಗೆ ಗ್ರಾಂಟ್ ಹಣ ಬರಬೇಕು.