ಹಂದಿಯ ಮೂತಿ, ಹಕ್ಕಿಯ ಕೊಕ್ಕು: ನನ್ನ ಅನುಭವ

ನಮ್ಮ ತೋಟ ಇರೋದು ಕುಂಬಳೆಯಿಂದ ಸ್ವಲ್ಪ ಒಳಗೆ. ಹೋದ ವರ್ಷ ಮಳೆ ನಿಂತ ಮೇಲೆ ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಎರಡು ಸಾಲು ಮರಗೆಣಸು ಮಗುಚಿ ಹಾಕಿದವು, ಗದ್ದೆಯ ಕಟ್ಟಪುಣಿಯನ್ನೂ (ಬದುವನ್ನೂ) ಬಿಡಲಿಲ್ಲ. ಅದೇ ವಾರ ಶಿರಿಯ ಅಳಿವೆಗೆ ಹಕ್ಕಿ ನೋಡಲು ಹೋದೆ. ಅಲ್ಲಿ ಕೆಸರಿನಲ್ಲಿ ಕೊಕ್ಕು ಇಳಿಸುತ್ತಾ ನಡೆಯುತ್ತಿದ್ದದ್ದು ವಿಂಬ್ರೆಲ್. ದೂರದ ಉತ್ತರದಿಂದ ಚಳಿಗಾಲಕ್ಕೆ ಬರುವ ಹಕ್ಕಿ. ಇದೂ ನೆಲದೊಳಗೇ ಹುಡುಕುವುದು ಅಲ್ವಾ, ಹೋಲಿಸಿ ನೋಡೋಣ ಅಂತ ಒಂದು ನೋಟ್‌ಬುಕ್ ತೆಗೆದೆ.

ಮೊದಲು ತೂಕ, ಎತ್ತರ, ಬಣ್ಣ ಎಲ್ಲ ಬರೆದೆ. ಸುಮ್ನೆ ಪುಟ ತುಂಬಿತು. ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡೆ: ಕಣ್ಣಿಗೆ ಕಾಣದ ಊಟ ಇವಕ್ಕೆ ಸಿಗೋದು ಹೇಗೆ?

ಹಂದಿಯ ಗುರುತು ನೋಡಲು ಮಣ್ಣು ಒಣಗುವ ಮೊದಲೇ ಹೋಗಬೇಕು. ಎರಡು ಸೀಳಿನ ಗೊರಸು, ಕೆಸರು ಮೆತ್ತಗಿದ್ದರೆ ಹಿಂದೆ ಎರಡು ಚುಕ್ಕಿ. ಕಟ್ಟಪುಣಿ ನೋಡಿ ಪಕ್ಕದ ಮನೆಯವರು ಹೇಳಿದರು, "ಬಾವ, ಇದು ಗೆಣಸಿಗಲ್ಲ, ಎರೆಹುಳಕ್ಕೆ ಬಂದದ್ದು." ಹೌದು, ಗೆಣಸಿರಲಿ ಹುಳ ಇರಲಿ, ಅದಕ್ಕೆ ವಾಸನೆ ಸಾಕು. ಮೂತಿಯ ತುದಿಯೊಳಗೆ ಎಲುಬಿದೆ, ಹಾಗಾಗಿ ಗಟ್ಟಿ ನೆಲವನ್ನೂ ನೇಗಿಲಿನ ಹಾಗೆ ಎಬ್ಬಿಸುತ್ತದೆ.

ವಿಂಬ್ರೆಲ್ ನೆಲ ಮಗುಚುವುದಿಲ್ಲ. ಅದರ ಕೊಕ್ಕು ಕೆಳಗೆ ಬಾಗಿದೆ, ಏಡಿಯ ಬಿಲವೂ ನೇರ ಇರುವುದಿಲ್ಲ. ಒಂದು ಹಕ್ಕಿ ಬಿಲಕ್ಕೆ ಕೊಕ್ಕು ತೂರಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಏಡಿಯನ್ನು ಎಳೆದು, ಕಾಲು ಉದುರುವ ತನಕ ಕೊಡವಿ ನುಂಗಿದ್ದನ್ನು ಹತ್ತಿರದಿಂದ ನೋಡಿದೆ. ಕೊಕ್ಕಿನ ತುದಿಗೆ ಮುಟ್ಟಿದ್ದು ತಿಳಿಯುತ್ತದೆ, ನಮ್ಮ ಬೆರಳಿನ ಹಾಗೆ.

ಹೊತ್ತಿನ ಲೆಕ್ಕ ಕಲಿಯಲು ನನಗೆ ಜಾಸ್ತಿ ದಿನ ಹಿಡಿಯಿತು. ನಮ್ಮಲ್ಲಿ ಹಂದಿ ಬರುವುದು ಕತ್ತಲಾದ ಮೇಲೆ. ಹಕ್ಕಿಗೆ ನೀರು ಇಳಿಯಬೇಕು, ಆ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇದು ಗೊತ್ತಿಲ್ಲದೆ ದಿನವೂ ಬೆಳಿಗ್ಗೆ 7ಕ್ಕೇ ಹೋಗಿ ಎಷ್ಟೋ ಸಲ ತುಂಬಿದ ನೀರು ನೋಡಿ ವಾಪಸ್ ಬಂದಿದ್ದೇನೆ.

ಮರಿಗಳ ವಿಷಯ ನನ್ನನ್ನು ತುಂಬ ಕಾಡಿತು. ಹಂದಿಮರಿಗೆ ಮೈಮೇಲೆ ಪಟ್ಟೆ, ತಿಂಗಳುಗಟ್ಟಲೆ ತಾಯಿಯ ಹಿಂದೆಯೇ ಓಡಾಟ. ವಿಂಬ್ರೆಲ್ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ನಡೆದು ತಾನೇ ಹೆಕ್ಕಿ ತಿನ್ನುತ್ತದೆ. ದೊಡ್ಡವು ಮೊದಲು ಹೊರಟುಬಿಡುತ್ತವೆ, ಮರಿಗಳು ಆಮೇಲೆ, ಕಂಡೇ ಇರದ ದಾರಿ ಹಿಡಿದು ಬರುತ್ತವೆ. ಮರಿ ಮಾಡುವ ವಯಸ್ಸಾಗದವು ಎಷ್ಟೋ ಸಲ ಬೇಸಿಗೆಯಲ್ಲೂ ವಾಪಸ್ ಹೋಗುವುದಿಲ್ಲ. ಈ ಮೇ ತಿಂಗಳ ಕೊನೆಯಲ್ಲೂ ಅಳಿವೆಯಲ್ಲಿ ಎರಡು ಇದ್ದವು.