ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಫ್ ಆಗುತ್ತಿದ್ದ ಕಾರು

ನನ್ನ ಕಾರಿನ ತಕರಾರು ಶುರುವಾಗುತ್ತಿದ್ದದ್ದು ಬಂಕ್‌ನಲ್ಲಿ. ಟ್ಯಾಂಕ್ ತುಂಬಿಸಿ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಕೆಮ್ಮುತ್ತಾ ಸ್ಟಾರ್ಟ್ ಆಗುತ್ತಿತ್ತು. ಕಾಲು ತೆಗೆದರೆ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡಿ, ಆಫ್. ಹೀಗೇ ಒಮ್ಮೆ ಮಂಡ್ಯದ ಸಂಜಯ ವೃತ್ತದಲ್ಲಿ ನಿಂತುಹೋಯಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು. ಆ ಹಾರ್ನ್‌ಗೆ ಕಿವಿ ಮುಚ್ಚಿಕೊಳ್ಳಬೇಕು.

ಆದರೆ ಸ್ವಲ್ಪ ದೂರ ಓಡಿಸಿದರೆ ತಾನೇ ಸರಿಹೋಗುತ್ತಿತ್ತು. ಮೈಸೂರು ಕಡೆ ಹೆದ್ದಾರಿ ಹಿಡಿದರೆ ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಮುಂದಿನ ಸಲ ಪೆಟ್ರೋಲ್ ಹಾಕಿಸುವವರೆಗೂ ಸುಮ್ನೆ ಇರುತ್ತಿತ್ತು.

"ಫ್ಯುಯೆಲ್ ಪಂಪ್ ಹೋಗೈತೆ ಕಣ್ಲಾ, ಬದ್ಲಾಯ್ಸು" ಅಂದ ಗೆಳೆಯ. ಒಂದು ಗ್ಯಾರೇಜಿನಲ್ಲೂ ಅದನ್ನೇ ಹೇಳಿದರು, ಜೊತೆಗೆ ಪ್ಲಗ್ಗು, ಕಾಯಿಲ್ಲು. ನನಗೆ ಒಪ್ಪಿಗೆಯಾಗಲಿಲ್ಲ. ಪಂಪ್ ಕೆಟ್ಟಿದ್ದರೆ ಹೆದ್ದಾರಿಯಲ್ಲಿ ಎಳೆಯುವಾಗಲೇ ಮೊದಲು ಗೊತ್ತಾಗಬೇಕು. ಪೆಟ್ರೋಲ್ ಜಾಸ್ತಿ ಬೇಕಾಗುವುದು ಅಲ್ಲಿ. ಇದು ನೋಡಿದರೆ ಅಲ್ಲಿ ಚೆನ್ನಾಗಿದೆ, ಸಿಗ್ನಲ್‌ನಲ್ಲಿ ನಿಂತಾಗ ಸಾಯುತ್ತದೆ. ಅದೂ ಟ್ಯಾಂಕ್ ತುಂಬಿಸಿದಾಗ ಮಾತ್ರ.

ಟ್ಯಾಂಕ್ ತುಂಬಿಸುವಾಗ ಒಳಗೆ ಏನಾಗುತ್ತದೆ ಅಂತ ಯೋಚಿಸಿದರೆ ದಾರಿ ಸಿಗುತ್ತದೆ. ಟ್ಯಾಂಕಿನ ಖಾಲಿ ಜಾಗದಲ್ಲಿ ಇದ್ದ ಪೆಟ್ರೋಲ್ ಆವಿಯನ್ನು ಹೊಸ ಪೆಟ್ರೋಲ್ ಹೊರಗೆ ತಳ್ಳುತ್ತದೆ. ಅದರಲ್ಲಿ ಒಂದಷ್ಟು ಕ್ಯಾನಿಸ್ಟರ್ ಅನ್ನುವ ಡಬ್ಬಿಗೆ ಹೋಗುತ್ತದೆ. ಅದರ ತುಂಬ ಇದ್ದಿಲ ಹರಳು. ವಾಸನೆ ಹೀರಲಿ ಅಂತ ಫ್ರಿಜ್‌ನಲ್ಲಿ ಇದ್ದಿಲು ಇಡುತ್ತಾರಲ್ಲ, ಹಾಗೇ ಅದು ಆವಿ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಕಾರು ಓಡುತ್ತಿರುವಾಗ ಕ್ಯಾನಿಸ್ಟರ್‌ಗೂ ಎಂಜಿನ್ನಿಗೂ ನಡುವೆ ಇರುವ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಸ್ವಲ್ಪಸ್ವಲ್ಪವೇ ಎಂಜಿನ್ನಿಗೆ ಎಳೆಸಿ ಸುಡಿಸುತ್ತದೆ. ಸ್ಟಾರ್ಟ್ ಮಾಡುವಾಗ ಆ ವಾಲ್ವ್ ಮುಚ್ಚಿರಬೇಕು. ಮುಚ್ಚದೆ ಸಿಕ್ಕಿಹಾಕಿಕೊಂಡಿದ್ದರೆ, ತುಂಬಿ ಕೂತ ಆವಿಯೆಲ್ಲ ಒಟ್ಟಿಗೆ ನುಗ್ಗುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಐಡಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದಕ್ಕೆ ಇಷ್ಟು ಆವಿ ಸೇರಿದರೆ ಲೆಕ್ಕ ಕೆಡುತ್ತದೆ. ಓಡುವಾಗ ಗಾಳಿ ಜಾಸ್ತಿ, ಆ ಆವಿ ಲೆಕ್ಕಕ್ಕೇ ಬರುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಸ್ಟಾರ್ಟ್ ಆಗುತ್ತಿದ್ದದ್ದೂ ಇದಕ್ಕೇ.

ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಹಾಕಿ ನೋಡಿದೆ. ವಾಲ್ವ್ ಬಗ್ಗೆ ಒಂದು ಕೋಡೂ ಇಲ್ಲ. ಚೆಕ್ ಎಂಜಿನ್ ಲೈಟ್ ಕೂಡ ಇಲ್ಲ. ಆದರೆ ಪೆಟ್ರೋಲ್ ಹಾಕಿಸಿದ ಮೇಲೆ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್ ಶೇಕಡಾ ಮೈನಸ್ 25ರ ಹತ್ತಿರ ಓಡಾಡುತ್ತಿತ್ತು. ಅಂದರೆ ಎಲ್ಲಿಂದಲೋ ಪೆಟ್ರೋಲ್ ಬರುತ್ತಿದೆ ಅಂತ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ಹಿಂದೆ ಎಳೆಯುತ್ತಿದೆ. ಸಾಮಾನ್ಯವಾಗಿ ಈ ಅಂಕಿ ಹತ್ತರ ಒಳಗೆ ಇರಬೇಕು, ಪ್ಲಸ್ ಆಗಲಿ ಮೈನಸ್ ಆಗಲಿ.

ವಾಲ್ವ್ ನನ್ನ ಕಾರಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಪಕ್ಕದಲ್ಲೇ ಇದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಎರಡು ಮೂತಿ, ಒಂದು ಎಲೆಕ್ಟ್ರಿಕ್ ಸಾಕೆಟ್. ಎಂಜಿನ್ ಐಡಲಿಂಗ್‌ನಲ್ಲಿ ಬಿಟ್ಟು ಸಾಕೆಟ್ ಕಳಚಿದೆ. ಕರೆಂಟ್ ಇಲ್ಲದಿದ್ದರೆ ವಾಲ್ವ್ ಮುಚ್ಚಿಕೊಳ್ಳಬೇಕು. ಕ್ಯಾನಿಸ್ಟರ್ ಕಡೆಯ ಪೈಪ್ ಎಳೆದು ಮೂತಿಗೆ ಬೆರಳಿಟ್ಟೆ. ಬೆರಳನ್ನು ಸರಿಯಾಗಿ ಹೀರಿಕೊಂಡಿತು. ಬೆರಳು ತೆಗೆದರೆ ಎಂಜಿನ್ ನಡುಗುತ್ತದೆ, ಇಟ್ಟರೆ ಸುಮ್ಮನಾಗುತ್ತದೆ. ಇಷ್ಟು ಸಾಕಾಗಿತ್ತು. ಆದರೂ ಇನ್ನೊಂದು ಪರೀಕ್ಷೆ ಮಾಡಿದೆ: ವಾಲ್ವ್ ಮೂತಿಗೂ ಪೈಪಿನ ಬಾಯಿಗೂ ರಬ್ಬರ್ ಬಿರಡೆ ಹಾಕಿಕೊಂಡು ಬಂಕ್‌ಗೆ ಹೋಗಿ ಪೆಟ್ರೋಲ್ ಹಾಕಿಸಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಈ ಬಿರಡೆ ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟುಕೊಂಡು ಓಡಿಸಬೇಡಿ. ಕ್ಯಾನಿಸ್ಟರ್ ಖಾಲಿಯಾಗುವುದೇ ಇಲ್ಲ, ಕಾರಿನ ಸುತ್ತ ಪೆಟ್ರೋಲ್ ವಾಸನೆ ಶುರುವಾಗುತ್ತದೆ. ಪೈಪ್ ಬಿಚ್ಚುವಾಗ ಹತ್ತಿರದಲ್ಲಿ ಬೀಡಿ ಸಿಗರೇಟು ಇರಬಾರದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ವಾಲ್ವ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 24 ಓಮ್ ತೋರಿಸಿತು. ಒಳಗಿನ ಕಾಯಿಲ್ ಚೆನ್ನಾಗಿಯೇ ಇದೆ. 12 ವೋಲ್ಟ್ ಕೊಟ್ಟರೆ ಟಕ್ ಅನ್ನುತ್ತದೆ. ಮೀಟರ್ ಮಾತು ಕೇಳಿ ವಾಪಸ್ ಹಾಕಿದ್ದರೆ ಮುಗಿದೇಹೋಗುತ್ತಿತ್ತು. ಚಿಕ್ಕ ಪೈಪ್ ಸಿಕ್ಕಿಸಿ ಊದಿದರೆ, ಕರೆಂಟ್ ಇಲ್ಲದೆಯೇ ಗಾಳಿ ಆರಾಮಾಗಿ ಆಚೆ ಹೋಯಿತು. ಬಿಳಿ ಹಾಳೆಯ ಮೇಲೆ ಮೂತಿ ಕೆಳಗೆ ಮಾಡಿ ತಟ್ಟಿದೆ. ಮೆಣಸಿನ ಪುಡಿಯಷ್ಟು ಸಣ್ಣ ಕಪ್ಪು ಚೂರುಗಳು ಉದುರಿದವು. ಕ್ಯಾನಿಸ್ಟರ್‌ನ ಇದ್ದಿಲು! ಅದೇ ವಾಲ್ವಿನ ಸೀಟಿನಲ್ಲಿ, ಅಂದರೆ ವಾಲ್ವ್ ಮುಚ್ಚಿ ಕೂರುವ ಜಾಗದಲ್ಲಿ, ಸಿಕ್ಕಿಕೊಂಡು ಮುಚ್ಚಲು ಬಿಡುತ್ತಿರಲಿಲ್ಲ.

ಇದ್ದಿಲು ಅಲ್ಲಿವರೆಗೆ ಯಾಕೆ ಬಂತು ಅನ್ನುವುದಕ್ಕೆ ಬಂಕ್‌ಗೇ ವಾಪಸ್ ಹೋಗಬೇಕು. ನಾಜಲ್ ಕಟ್ ಆದ ಮೇಲೆ ಹುಡುಗ "ಸಾರ್, ರೌಂಡ್ ಮಾಡ್ಬುಡ್ಲಾ?" ಅಂತಾನೆ, ನಾವೂ ಹೂಂ ಅಂತೀವಿ. ಟ್ಯಾಂಕಿನ ಕುತ್ತಿಗೆವರೆಗೆ ತುಂಬಿದರೆ ಆವಿ ಹೋಗಬೇಕಾದ ಪೈಪಿನಲ್ಲಿ ಪೆಟ್ರೋಲೇ ಹೋಗಿ ಕ್ಯಾನಿಸ್ಟರ್ ನೆನೆಯುತ್ತದೆ. ಇದರಿಂದ ಇದ್ದಿಲ ಹರಳು ಒಡೆದು ಪುಡಿಯಾಗಬಹುದು. ಕ್ಯಾನಿಸ್ಟರ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಪೆಟ್ರೋಲ್ ಕುಡಿದಿದ್ದರೆ ತೂಕ ಗೊತ್ತಾಗುತ್ತದೆ, ಅಲ್ಲಾಡಿಸಿದರೆ ಕುಲುಕುತ್ತದೆ. ನನ್ನದು ಹಗುರವಾಗಿತ್ತು, ಪುಡಿಯೂ ಕಡಿಮೆ. ಪೈಪನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ಚೊಕ್ಕ ಮಾಡಿ, ವಾಲ್ವ್ ಮಾತ್ರ ಹೊಸದು ಹಾಕಿದೆ. ಪುಡಿ ಜಾಸ್ತಿ ಇದ್ದರೆ ಕ್ಯಾನಿಸ್ಟರೂ ಬದಲಾಯಿಸಲೇಬೇಕು, ಇಲ್ಲದಿದ್ದರೆ ಹೊಸ ವಾಲ್ವಿಗೂ ಅದೇ ಗತಿ. ಈಗ ನಾಜಲ್ ಒಂದು ಸಲ ಕಟ್ ಆದರೆ ಸಾಕು, ಚಿಲ್ಲರೆಗೆ ಫೋನ್‌ಪೇ ಇದೆ.

ಇದೇ ವ್ಯವಸ್ಥೆಯ ಉಲ್ಟಾ ಕಾಯಿಲೆ ಆ ಗೆಳೆಯನ ಕಾರಿನಲ್ಲೇ ಸಿಕ್ಕಿತು. ಅವನದು ಹೊರಟಾಗ ಚೆನ್ನಾಗಿರುತ್ತಿತ್ತು, ಸುಮಾರು ದೂರ ಓಡಿದ ಮೇಲೆ ಎಳೆತ ಕಡಿಮೆಯಾಗಿ ನಿಲ್ಲುತ್ತಿತ್ತು. ಪೆಟ್ರೋಲ್ ಮುಚ್ಚಳ ತೆಗೆದರೆ ಉಸ್ಸಂತ ಗಾಳಿ ಒಳಗೆ ಹೋಗುತ್ತಿತ್ತು, ಆಮೇಲೆ ಮತ್ತೆ ಸ್ಟಾರ್ಟ್. ಬಂಕ್‌ನಲ್ಲಿ ನಾಜಲ್ ಪದೇ ಪದೇ ಕಟ್ ಆಗುವುದು ಬೇರೆ. ಕ್ಯಾನಿಸ್ಟರ್‌ಗೆ ಹೊರಗಿನ ಗಾಳಿ ಬರುವ ಪೈಪ್ ಕಟ್ಟಿದೆ ಅಂತ ಅರ್ಥ. ಪೆಟ್ರೋಲ್ ಖರ್ಚಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕ್ ನಿರ್ವಾತವಾಗುತ್ತದೆ, ಪಂಪ್‌ಗೆ ಎಳೆಯಲು ಆಗುವುದಿಲ್ಲ. ಕಾರನ್ನು ಊರಿನ ತೋಟದ ಶೆಡ್‌ನಲ್ಲಿ ನಿಲ್ಲಿಸುತ್ತಿದ್ದ. ಹಿಂದಿನ ಚಕ್ರದ ಹತ್ತಿರ ಆ ಪೈಪಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಸಿಮೆಂಟಿನಷ್ಟು ಗಟ್ಟಿ. ಪೈಪ್ ಕಳಚಿ ತಂತಿಯಲ್ಲಿ ಕೆದಕಿದೆವು. ಕೆಂಪು ಮಣ್ಣಿನ ಜೊತೆ ಒಣಗಿದ ಜೇಡಗಳು ಬಿದ್ದವು, ಕಣಜ ಮರಿಗಳಿಗೆ ಅಂತ ಕೂಡಿಟ್ಟಿದ್ದು.

ಅವನು ಅಷ್ಟರಲ್ಲಿ ಹೊಸ ಪಂಪ್ ಆರ್ಡರ್ ಮಾಡಿಬಿಟ್ಟಿದ್ದ. ಬಂದ ಡಬ್ಬಿ ಬಿಚ್ಚದೆ ವಾಪಸ್ ಕಳಿಸಿದ.